ಅಲ್ಯೂಮಿನಾ ಪುಡಿ ಜಾಸ್ತಿ ಹಾಕಿದರೆ ಇನ್ಸುಲೇಷನ್ ಗಟ್ಟಿಯಾಗುತ್ತದೆಯೇ?

ಪ್ರಶ್ನೆ: ನಾವು 11 ಕೆವಿ ಸಿಟಿಗಳನ್ನು (ಕರೆಂಟ್ ಅಳೆಯಲು ಬಳಸುವ ಟ್ರಾನ್ಸ್‌ಫಾರ್ಮರ್) ಎಪಾಕ್ಸಿ ರೆಸಿನ್ನಿನಲ್ಲಿ ಎರಕ ಹೊಯ್ಯುತ್ತೇವೆ. ಸೆರಾಮಿಕ್ ಅಂದರೆ ಒಳ್ಳೆಯ ಇನ್ಸುಲೇಟರ್ ತಾನೆ? ಹಾಗಾದರೆ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಪುಡಿಯನ್ನು ಇನ್ನಷ್ಟು ಸೇರಿಸಿದರೆ ಹೆಚ್ಚು ವೋಲ್ಟೇಜ್ ತಡೆಯುತ್ತದಲ್ಲವೇ?

ಉತ್ತರ: ತಡೆಯುವುದಿಲ್ಲ. ಈ ಪ್ರಶ್ನೆ ಒಂದು ಸಲ ಸಿಲಿಕಾ ಹೆಸರಿನಲ್ಲಿ ಬರುತ್ತದೆ, ಇನ್ನೊಂದು ಸಲ ಅಲ್ಯೂಮಿನಾ ಹೆಸರಿನಲ್ಲಿ, ಈಚೆಗೆ ಅತಿಸಣ್ಣ ಕಣದ ನ್ಯಾನೋ ಪುಡಿಯ ಹೆಸರಿನಲ್ಲಿ. ನ್ಯಾನೋ ಮಾತು ಕೊನೆಗಿರಲಿ, ಉಳಿದೆರಡಕ್ಕೂ ಉತ್ತರ ಅದೇ. ಪುಡಿ ಹಾಕುವುದು ಎರಕ ಬಿರುಕು ಬಿಡದಿರಲಿ, ಬಿಸಿ ಹೊರಗೆ ಹೋಗಲಿ, ಕ್ಯೂರಿಂಗ್ (ರೆಸಿನ್ ಗಟ್ಟಿಯಾಗುವ) ಹೊತ್ತಿಗೆ ಕಾವು ಮಿತಿ ಮೀರದಿರಲಿ, ಖರ್ಚೂ ಇಳಿಯಲಿ ಎಂದು. ವೋಲ್ಟೇಜ್ ತಡೆಯುವುದು ರೆಸಿನ್ನಿನ ಕೆಲಸ. ಪುಡಿ ಬಂದಮೇಲೂ ಅದು ಕೆಡದಂತೆ ನೋಡಿಕೊಂಡರೆ ಸಾಕು.

ಈ ನಂಬಿಕೆ ಹುಟ್ಟಿದ್ದು ಲೈಟು ಕಂಬದ ಪಿಂಗಾಣಿ ನೋಡಿ ಇರಬೇಕು. ಪಿಂಗಾಣಿ ಕಂಬದ ಮೇಲೆ ಕೂತಿರುವುದು ಮಳೆ ಬಿಸಿಲಿಗೆ ಜಗ್ಗುವುದಿಲ್ಲ, ಕಿಡಿ ಹಾರಿದರೂ ಮೈ ಸುಟ್ಟು ಕರಿಯಾಗುವುದಿಲ್ಲ ಎಂಬ ಕಾರಣಕ್ಕೆ. ಮಿಲಿಮೀಟರಿಗೆ ಎಷ್ಟು ತಡೆಯುತ್ತದೆ ಎಂಬ ಲೆಕ್ಕಕ್ಕೆ ಬಂದರೆ ಚಿತ್ರ ಬೇರೆ. ಸುಟ್ಟು ಗಟ್ಟಿ ಮಾಡಿದ ಅಲ್ಯೂಮಿನಾದ ಡೇಟಾಶೀಟಿನಲ್ಲಿ ಸಾಮಾನ್ಯವಾಗಿ 10ರಿಂದ 17 ಕಿಲೋವೋಲ್ಟ್ ಎಂದಿರುತ್ತದೆ. ಪುಡಿ ಇಲ್ಲದ ಒಳ್ಳೆಯ ಎಪಾಕ್ಸಿಯದು 20 ಅಥವಾ ಅದಕ್ಕೂ ಮೇಲೆ. ಕಡಿಮೆ ತಡೆಯುವುದನ್ನು ಹೆಚ್ಚು ತಡೆಯುವುದಕ್ಕೆ ಬೆರೆಸಿ ಇನ್ನೂ ಹೆಚ್ಚು ಸಿಗಲಿ ಅಂದರೆ ಎಲ್ಲಿಂದ ಬರಬೇಕು?

ಇಷ್ಟು ಹೇಳಿದರೂ ಒಪ್ಪದವರಿಗೆ ಒಂದು ಲೆಕ್ಕ. ಎಪಾಕ್ಸಿಯ ಪರ್ಮಿಟಿವಿಟಿ (ವಿದ್ಯುತ್ ಕ್ಷೇತ್ರಕ್ಕೆ ವಸ್ತು ಎಷ್ಟು ಸ್ಪಂದಿಸುತ್ತದೆ ಎಂಬ ಅಳತೆ) 3.8, ಅಲ್ಯೂಮಿನಾದ್ದು 9.8 ಅಂತಿಟ್ಟುಕೊಳ್ಳಿ. ಎಸಿ ವೋಲ್ಟೇಜಿನಲ್ಲಿ ಪರ್ಮಿಟಿವಿಟಿ ಜಾಸ್ತಿ ಇರುವ ವಸ್ತು ತನ್ನೊಳಗಿನ ವಿದ್ಯುತ್ ಒತ್ತಡವನ್ನು (ಮಿಲಿಮೀಟರಿಗೆ ಬೀಳುವ ವೋಲ್ಟೇಜ್) ಪಕ್ಕದವರ ಮೇಲೆ ದಾಟಿಸುತ್ತದೆ. ರೆಸಿನ್ನಿನಲ್ಲಿ ಕೂತ ಒಂದು ಅಲ್ಯೂಮಿನಾ ಉಂಡೆಯ ನೆತ್ತಿ ಮತ್ತು ಬುಡಕ್ಕೆ ಅಂಟಿಕೊಂಡ ರೆಸಿನ್ ಸರಾಸರಿಯ 1.7 ಪಟ್ಟು ಒತ್ತಡ ಹೊರುತ್ತದೆ. ಪರ್ಮಿಟಿವಿಟಿ 100ರ ಆಸುಪಾಸಿರುವ ಟೈಟಾನಿಯಾ ಹಾಕಿದರೆ 2.8 ಪಟ್ಟು. ಸಿಲಿಕಾ ಮತ್ತು ಎಪಾಕ್ಸಿಯ ಪರ್ಮಿಟಿವಿಟಿ ಹೆಚ್ಚುಕಡಿಮೆ ಒಂದೇ ಆದ್ದರಿಂದ ಅಲ್ಲಿ ಈ ಕಾಟವಿಲ್ಲ. ಇದೆಲ್ಲ ಒಂಟಿ ಉಂಡೆಯ ಮಾತು. ಮೂಲೆ ಚೂಪಾದ ಕಣಗಳು ಒತ್ತೊತ್ತಾಗಿ ಕೂತರೆ ನಡುವಿನ ರೆಸಿನ್ನಿನ ಪಾಡು ಇನ್ನೂ ಕಷ್ಟ.

ಅದಕ್ಕಿಂತ ಕೆಟ್ಟದ್ದು ಗಾಳಿ. ಹರಳಿನ ಮೈಗೆ ರೆಸಿನ್ ಸರಿಯಾಗಿ ಅಂಟದೆ 0.1 ಮಿಲಿಮೀಟರ್ ದಪ್ಪದ ಚಪ್ಪಟೆ ಗಾಳಿಪೊರೆ ಉಳಿದಿದೆ ಅನ್ನೋಣ. ಅಷ್ಟು ದಪ್ಪದ ಗಾಳಿ ಸುಮಾರು 0.9 ಕಿಲೋವೋಲ್ಟಿಗೆ ಕಿಡಿ ಹಾರಿಸುತ್ತದೆ. ಸುತ್ತ ಮಿಲಿಮೀಟರಿಗೆ 2 ಕಿಲೋವೋಲ್ಟ್ ಪೀಕ್ ಒತ್ತಡವಿದ್ದರೆ, ಬರೀ ಎಪಾಕ್ಸಿಯಲ್ಲಿ ಆ ಪೊರೆಯ ಮೇಲೆ ಬೀಳುವುದು 0.76 ಕಿಲೋವೋಲ್ಟ್, ಕಿಡಿ ಇಲ್ಲ. ಅದೇ ಎಪಾಕ್ಸಿಗೆ ತೂಕದಲ್ಲಿ 60 ಪರ್ಸೆಂಟ್ ಅಲ್ಯೂಮಿನಾ ಸೇರಿಸಿ. ಮಿಶ್ರಣದ ಪರ್ಮಿಟಿವಿಟಿ 5.2ರ ಸುತ್ತ ಹೋಗುತ್ತದೆ, ಪೊರೆಯ ಮೇಲೆ 1.04 ಕಿಲೋವೋಲ್ಟ್ ಬೀಳುತ್ತದೆ. ಕಿಡಿ ಶುರು. ಅರ್ಧ ಸೈಕಲ್ಲಿಗೊಮ್ಮೆ ಅದು ರೆಸಿನ್ನನ್ನು ಚೂರು ಚೂರೇ ತಿನ್ನುತ್ತದೆ. ಒಂದು ನಿಮಿಷದ ಹೈವೋಲ್ಟೇಜ್ ಟೆಸ್ಟಿನಲ್ಲಿ ಪಾಸಾದ ಸಿಟಿ ಎರಡು ವರ್ಷಕ್ಕೆ ಸತ್ತರೆ ಮೊದಲು ಅನುಮಾನಿಸಬೇಕಾದದ್ದು ಇದನ್ನೇ. ಅದಕ್ಕೇ ಐಇಸಿ 60270 ಎಂಬ ಅಂತರರಾಷ್ಟ್ರೀಯ ಮಾನಕದ ಪ್ರಕಾರ ಪಾರ್ಷಿಯಲ್ ಡಿಸ್ಚಾರ್ಜ್ (ಇನ್ಸುಲೇಷನ್ ಒಳಗಿನ ಈ ಸಣ್ಣ ಕಿಡಿ) ಅಳೆಯಿರಿ ಎಂದು ಬಡಿದುಕೊಳ್ಳುವುದು.

ಹಾಗಿದ್ದರೆ ಪುಡಿ ಯಾಕೆ ಬೇಕೇ ಬೇಕು? ತಾಮ್ರ ಡಿಗ್ರಿಗೆ ಹತ್ತು ಲಕ್ಷದಲ್ಲಿ 17 ಪಾಲು ಹಿಗ್ಗುತ್ತದೆ, ಬರೀ ಎಪಾಕ್ಸಿ 60ರಷ್ಟು. 130 ಡಿಗ್ರಿಯಲ್ಲಿ ಕ್ಯೂರ್ ಆಗಿ ತಣಿಯುವಾಗ ಎಪಾಕ್ಸಿ ಸುರುಳಿಯನ್ನು ಹಿಂಡಿ, ಕೊನೆಗೆ ತಾನೇ ಸೀಳುತ್ತದೆ. ರೆಸಿನ್ 100, ಹಾರ್ಡನರ್ 80, ಸಿಲಿಕಾ 270 ಭಾಗದ ರೂಢಿಯ ಲೆಕ್ಕದಲ್ಲಿ ಆ 60 ಇಳಿದು 35ರ ಹತ್ತಿರ ಬರುತ್ತದೆ. ಸಿಟಿಗೆ ಇಷ್ಟು ಸಾಕು, ಅಲ್ಯೂಮಿನಾ ಬೇಕಿಲ್ಲ. ಜಿಐಎಸ್ (ಅನಿಲ ತುಂಬಿ ಮುಚ್ಚಿದ ಸ್ವಿಚ್‌ಗೇರ್) ಒಳಗೆ ವಾಹಕವನ್ನು ಹಿಡಿದು ನಿಲ್ಲಿಸುವ ಸ್ಪೇಸರುಗಳಿಗೆ ಅಲ್ಯೂಮಿನಾ ಹಾಕುವುದಕ್ಕೂ ವೋಲ್ಟೇಜ್ ಕಾರಣವಲ್ಲ: ಎಸ್‌ಎಫ್6 ಅನಿಲ ಕಿಡಿಗೆ ಒಡೆದು, ತೇವ ಸೇರಿದಾಗ ಹುಟ್ಟುವ ಹೈಡ್ರೋಜನ್ ಫ್ಲೋರೈಡ್ ಸಿಲಿಕಾವನ್ನು ತಿಂದುಬಿಡುತ್ತದೆ.

ಬಿಸಿ ಸಾಗಿಸುವ ವಿಷಯದಲ್ಲೂ ಆಸೆ ಅಳತೆಯಲ್ಲಿರಲಿ. ಅಲ್ಯೂಮಿನಾದ ಉಷ್ಣವಾಹಕತೆ ಮೀಟರಿಗೆ, ಡಿಗ್ರಿಗೆ 30 ವ್ಯಾಟ್, ಎಪಾಕ್ಸಿಯದು 0.2. ಆದರೆ ಅಲ್ಯೂಮಿನಾ ಭಾರದ ವಸ್ತು. ತೂಕದಲ್ಲಿ 60 ಪರ್ಸೆಂಟ್ ಅಂದರೆ ಗಾತ್ರದಲ್ಲಿ ಬರೀ 31. ಕಣಗಳು ರೆಸಿನ್ ಸಮುದ್ರದಲ್ಲಿ ದ್ವೀಪಗಳಂತೆ ಬಿಡಿಬಿಡಿಯಾಗಿರುತ್ತವೆ, ಆದ್ದರಿಂದ ಕೈಗೆ ಸಿಗುವುದು 0.5 ಅಥವಾ 0.6. ಅಂದಹಾಗೆ ಅಂಗಡಿಯಲ್ಲಿ ಎಟಿಎಚ್ (ಅಲ್ಯೂಮಿನಿಯಂ ಹೈಡ್ರಾಕ್ಸೈಡ್) ಎಂದು ಕೊಡುವುದು ಈ ಅಲ್ಯೂಮಿನಾ ಅಲ್ಲ. ಅದು 200 ಡಿಗ್ರಿ ದಾಟಿದರೆ ನೀರು ಬಿಡುವ ಪುಡಿ. ಬಯಲಿನ ಸಿಲಿಕೋನ್ ರಬ್ಬರ್ ಇನ್ಸುಲೇಟರಿಗೆ ಕಿಡಿಯ ಕಾವಿನಿಂದ ಆ ನೀರೇ ಕಾವಲು.

ಮಾಡುವಾಗ ಕೆಡುವುದು ಬಹುಪಾಲು ತೇವದಿಂದ. ರವೆ ಹುರಿಯದೆ ಉಪ್ಪಿಟ್ಟು ಮಾಡಿದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತು, ಆದರೂ ಪುಡಿಯನ್ನು ಚೀಲದಿಂದ ನೇರ ಸುರಿಯುತ್ತಾರೆ. 120 ಡಿಗ್ರಿ ಓವನ್ನಿನಲ್ಲಿ ತೆಳ್ಳಗೆ ಹರಡಿ ನಾಲ್ಕು ಗಂಟೆಯಾದರೂ ಒಣಗಿಸಿ, ಬಿಸಿ ಇರುವಾಗಲೇ ರೆಸಿನ್ನಿಗೆ ಹಾಕಿ. ಸಿಲೇನ್ (ಪುಡಿಗೂ ರೆಸಿನ್ನಿಗೂ ಬೆಸುಗೆ ಹಾಕುವ ರಾಸಾಯನಿಕ) ಲೇಪವಿರುವ ಪುಡಿ ಸಿಕ್ಕಿದರೆ ಅದನ್ನೇ ತನ್ನಿ. ಪುಡಿಯ ತೂಕದ 0.5ರಿಂದ 1 ಪರ್ಸೆಂಟ್ ಸಿಲೇನ್ ಇದ್ದರೆ ರೆಸಿನ್ ಮೈಗೆ ಕಚ್ಚಿಕೊಳ್ಳುತ್ತದೆ, ನೀರು ಸುಲಭಕ್ಕೆ ನುಸುಳುವುದಿಲ್ಲ. ಕಲಸುವುದು 60ರಿಂದ 80 ಡಿಗ್ರಿಯಲ್ಲಿ, 5 ಮಿಲಿಬಾರಿಗಿಂತ ಕೆಳಗಿನ ವ್ಯಾಕ್ಯೂಮಿನಲ್ಲಿ, ಮೇಲೆ ಗುಳ್ಳೆ ಏಳುವುದು ನಿಲ್ಲುವತನಕ. ಹೊಯ್ಯುವುದು ಮೋಲ್ಡಿನ ಒಂದೇ ಮೂಲೆಯಿಂದ, ಸಣ್ಣ ಧಾರೆಯಲ್ಲಿ. ಪುಡಿ ಕೈಯಾಡಿಸುವಾಗ ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಧೂಳಿನ ಮಾಸ್ಕ್ ಹಾಕಿ: ಹರಳು ಸಿಲಿಕಾ ಶ್ವಾಸಕೋಶಕ್ಕೆ ಹೋದರೆ ವಾಪಸು ಬರುವುದಿಲ್ಲ.

ಪುಡಿ ತಳಕ್ಕೆ ಇಳಿಯಿತೇ ಎಂದು ನೋಡಲು ಒಂದು ಪೀಸನ್ನು ಬಲಿ ಕೊಡಿ. ಉದ್ದಕ್ಕೆ ಕೊಯ್ದು, ಮೇಲ್ತುದಿ ಮತ್ತು ತಳದಿಂದ ಎರಡೆರಡು ಗ್ರಾಂ ತೆಗೆದು, 600 ಡಿಗ್ರಿ ಮಫಲ್ ಕುಲುಮೆಯಲ್ಲಿ ರೆಸಿನ್ ಪೂರ್ತಿ ಉರಿದುಹೋಗುವ ತನಕ ಇಡಿ. ಉಳಿದ ಬಿಳಿ ಬೂದಿ ಮೇಲೆ 52, ಕೆಳಗೆ 66 ಪರ್ಸೆಂಟ್ ಬಂದರೆ ನಿಮ್ಮ ಕಣ ದಪ್ಪವಾಯಿತು ಅಥವಾ ರೆಸಿನ್ ಗಟ್ಟಿಯಾಗುವುದು ತಡವಾಯಿತು. ಕಣದ ಅಡ್ಡಳತೆ ಎರಡು ಪಟ್ಟಾದರೆ ಇಳಿಯುವ ವೇಗ ನಾಲ್ಕು ಪಟ್ಟು.

"ಹಾಗಾದರೆ 500 ಸೈಟೇಷನ್ (ಬೇರೆ ಲೇಖನಗಳಲ್ಲಿ ಉಲ್ಲೇಖ) ಇರುವ ಪೇಪರಿನಲ್ಲಿ ನ್ಯಾನೋ ಪುಡಿಯಿಂದ ತಡೆ ಹೆಚ್ಚುತ್ತದೆ ಎಂದಿದೆಯಲ್ಲ" ಎಂದು ಯಾರೂ ಇನ್ನೂ ಕೇಳಿಲ್ಲ, ಕೇಳುತ್ತಾರೆ. ನ್ಯಾನೋ ಕಥೆ ನಿಜಕ್ಕೂ ಬೇರೆ. ಕಣ ಸಾವಿರ ಪಟ್ಟು ಚಿಕ್ಕದಾದರೆ ಅಷ್ಟೇ ಗಾತ್ರದ ಪುಡಿಯ ಮೈ ಸಾವಿರ ಪಟ್ಟು ಹೆಚ್ಚುತ್ತದೆ, ರೆಸಿನ್ನಿನ ಸರಪಳಿಗಳು ಆ ಮೈಗೆ ಕಟ್ಟುಬೀಳುತ್ತವೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಿಂಘಾ ಮತ್ತು ಥಾಮಸ್ 2008ರಲ್ಲಿ ತೋರಿಸಿದಂತೆ, ಕೆಲವು ಕಡಿಮೆ ಪ್ರಮಾಣಗಳಲ್ಲಿ ನ್ಯಾನೋ ಎಪಾಕ್ಸಿಯ ಪರ್ಮಿಟಿವಿಟಿ ಬರೀ ಎಪಾಕ್ಸಿಗಿಂತಲೂ ಕೆಳಗಿಳಿಯುತ್ತದೆ. ಅಲ್ಲಿ ಪುಡಿ ಒಂದೆರಡು ಪರ್ಸೆಂಟಿನ ಮಾತು, ನಿಮ್ಮ 60 ಅಲ್ಲ.

ಆದರೆ ಸೈಟೇಷನ್ ಎಣಿಸಿ ಯಾರ ಮಾತು ನಂಬಬೇಕೆಂದು ತೀರ್ಮಾನಿಸುವುದು ಇನ್ನೊಂದು ಹಳ್ಳ. ನ್ಯಾನೋ ಇನ್ಸುಲೇಷನ್ ಕ್ಷೇತ್ರದಲ್ಲಿ ಎಲ್ಲರೂ ಉಲ್ಲೇಖಿಸುವ ಟಿ.ಜೆ. ಲೂಯಿಸ್ ಅವರ 1994ರ ಲೇಖನ ಸಿದ್ಧಾಂತದ್ದು. ಎಷ್ಟು ಪುಡಿ ಹಾಕಬೇಕೆಂಬ ಪಾಕ ಅದರಲ್ಲಿಲ್ಲ.

ಹೀಗಾಗಿ ಪೇಪರ್ ಹಿಡಿದರೆ ಲೇಖಕರ ಹೆಸರಿಗಿಂತ ಮೊದಲು ಪ್ರಯೋಗದ ಭಾಗ ತೆರೆಯಿರಿ. ಸ್ಯಾಂಪಲ್ ಎಷ್ಟು ದಪ್ಪ, ಎಸಿಯೋ ಡಿಸಿಯೋ, ಪುಡಿ ಒಣಗಿಸಿದ್ದರೇ, ಎಷ್ಟು ಸ್ಯಾಂಪಲ್ ಒಡೆದು ವೈಬುಲ್ ಗೆರೆ (ಯಾವ ವೋಲ್ಟೇಜಿಗೆ ಒಡೆಯುವ ಸಾಧ್ಯತೆ ಎಷ್ಟೆಂದು ತೋರಿಸುವ ಗ್ರಾಫ್) ಎಳೆದರು? 0.1 ಮಿಲಿಮೀಟರ್ ಫಿಲ್ಮಿನಲ್ಲಿ ಬಂದ ಅಂಕಿ 10 ಮಿಲಿಮೀಟರ್ ಎರಕಕ್ಕೆ ಬರುವುದಿಲ್ಲ, ಯಾಕೆಂದರೆ ದಪ್ಪ ಹೆಚ್ಚಿದಂತೆ ಮಿಲಿಮೀಟರಿಗೆ ತಡೆಯುವ ವೋಲ್ಟೇಜ್ ಇಳಿಯುತ್ತದೆ. ದಪ್ಪ ಎಷ್ಟೆಂದೇ ಬರೆದಿಲ್ಲವಾದರೆ ಆ ಪೇಪರನ್ನು ಪಕ್ಕಕ್ಕಿಟ್ಟು ಓವನ್ ಆನ್ ಮಾಡಿ, ನಿಮ್ಮ ಪುಡಿ ಇನ್ನೂ ಒಣಗಿಲ್ಲ.