ವೀಡರ್ ಇಂಜಿನ್ ಏರಿಳಿಯುವುದು ಏಕೆ?

ಚನ್ನಗಿರಿ ಕಡೆಯ ಅಡಿಕೆ ತೋಟಗಳಲ್ಲಿ ಮಳೆ ಬಿದ್ದು ಕಳೆ ಮೇಲೆದ್ದ ಕೂಡಲೇ ಮೂಲೆ ಸೇರಿದ್ದ ಪವರ್ ವೀಡರ್ ಹೊರಗೆ ಬರುತ್ತದೆ. ನಾಲ್ಕಾರು ಸಲ ಹಗ್ಗ ಎಳೆದರೆ ಸ್ಟಾರ್ಟೂ ಆಗುತ್ತದೆ. ಆದರೆ ಒಂದೇ ಸಮ ಓಡುವುದಿಲ್ಲ. ಗುಂಯ್ ಎಂದು ಏರುತ್ತದೆ, ಇನ್ನೇನು ನಿಂತೇಹೋಯಿತು ಎನ್ನುವಷ್ಟು ಇಳಿಯುತ್ತದೆ, ಮತ್ತೆ ಏರುತ್ತದೆ. ಮೆಕ್ಯಾನಿಕ್‌ಗಳ ಮಾತಿನಲ್ಲಿ ಇದು ‘ಹಂಟಿಂಗ್’. ಕೈಗೆ ಸಿಕ್ಕ ಸ್ಕ್ರೂ ತಿರುಗಿಸಲು ಎಲ್ಲರೂ ಹೊರಡುವುದು ಈಗಲೇ. ತಪ್ಪು ಆ ಸ್ಕ್ರೂನಲ್ಲಿ ಇರುವುದು ಅಪರೂಪ.

ಲಿವರ್ ಎಳೆದರೆ ಥ್ರಾಟಲ್, ಅಂದರೆ ಇಂಜಿನ್ನಿಗೆ ಗಾಳಿ-ಪೆಟ್ರೋಲ್ ಬಿಡುವ ಬಾಗಿಲು, ತೆರೆಯುತ್ತದೆ ಎನ್ನುವುದು ಬೈಕಿನ ಲೆಕ್ಕ. ಈ ಫೋರ್ ಸ್ಟ್ರೋಕ್ ಇಂಜಿನ್ನಿನಲ್ಲಿ ಲಿವರ್ ಎಳೆಯುವುದು ಒಂದು ಸ್ಪ್ರಿಂಗನ್ನು ಮಾತ್ರ. ಸ್ಪ್ರಿಂಗ್ ಥ್ರಾಟಲನ್ನು ತೆರೆಯಲು ನೋಡುತ್ತದೆ. ಇತ್ತ ಕ್ರ್ಯಾಂಕ್‌ಕೇಸಿನ ಒಳಗೆ, ಆಯಿಲ್‌ನಲ್ಲಿ ತಿರುಗುವ ಪುಟ್ಟ ಗೇರಿನ ಮೇಲೆ ತೂಕದ ತುಂಡುಗಳಿವೆ. ವೇಗ ಹೆಚ್ಚಿದಂತೆ ಅವು ಹೊರಕ್ಕೆ ಅರಳಿ, ಗವರ್ನರ್ ತೋಳಿನ ಮೂಲಕ ಥ್ರಾಟಲನ್ನು ಮುಚ್ಚಲು ನೋಡುತ್ತವೆ. ವೇಗ ಕಾಯುವ ಈ ಇಡೀ ಏರ್ಪಾಡೇ ಗವರ್ನರ್. ಈ ಹಗ್ಗಜಗ್ಗಾಟ ಸಮಬಲವಾದಲ್ಲಿ ವೇಗ ಏರಿಳಿಯದೆ ಒಂದೇ ಸಮ ಉಳಿಯುತ್ತದೆ. ವೀಡರಿನ ಹಲ್ಲು ಬೇರಿಗೆ ಸಿಕ್ಕಿ ವೇಗ ಇಳಿದರೆ ತೂಕಗಳು ಮುದುಡುತ್ತವೆ, ಸ್ಪ್ರಿಂಗ್ ಗೆಲ್ಲುತ್ತದೆ, ಥ್ರಾಟಲ್ ತಾನೇ ತೆರೆಯುತ್ತದೆ. ಜೇಮ್ಸ್ ವ್ಯಾಟ್ 1788ರಲ್ಲಿ ಉಗಿ ಇಂಜಿನ್ನಿಗೆ ಜೋಡಿಸಿದ ತಿರುಗುವ ಗುಂಡುಗಳ ತತ್ವವೇ ಇದು. ಅಂಥ ಗವರ್ನರ್ ಯಾವಾಗ ನೆಲೆ ನಿಲ್ಲುತ್ತದೆ, ಯಾವಾಗ ತೂಗಾಡುತ್ತದೆ ಎಂಬ ಗಣಿತವನ್ನು ಭೌತವಿಜ್ಞಾನಿ ಮ್ಯಾಕ್ಸ್‌ವೆಲ್ 1868ರಲ್ಲಿ ಬರೆದ. ಮೈದಾನಗಳಲ್ಲಿ ಕೂತು ಓಡಿಸುವ ಹುಲ್ಲು ಕತ್ತರಿಸುವ ಗಾಡಿಯಲ್ಲೂ ಸಾಮಾನ್ಯವಾಗಿ ಇದೇ ಏರ್ಪಾಡು.

ಹಾಗಾದರೆ ತೂಗಾಟ ಎಲ್ಲಿಂದ? ಲೋಡ್ ಇಲ್ಲದೆ ಓಡುವಾಗ ಥ್ರಾಟಲ್ ಹೆಚ್ಚುಕಡಿಮೆ ಮುಚ್ಚಿಯೇ ಇರುತ್ತದೆ. ಆಗ ಪೆಟ್ರೋಲ್ ಬರುವುದು ಕಾರ್ಬೋರೇಟರ್ ಒಳಗಿನ ಪೈಲಟ್ ಜೆಟ್ ಎಂಬ ಸಣ್ಣ ತೂತಿನ ಹಿತ್ತಾಳೆ ತುಂಡಿನಿಂದ. ಅದರ ತೂತು ಅರ್ಧ ಮಿಲಿಮೀಟರಿಗಿಂತ ಸಣ್ಣದು. ಅದು ಕಟ್ಟಿಕೊಂಡರೆ ಪೆಟ್ರೋಲ್ ಸಾಲದೆ ವೇಗ ಬೀಳುತ್ತದೆ. ಗವರ್ನರ್ ಥ್ರಾಟಲ್ ತೆರೆಯುತ್ತದೆ, ದೊಡ್ಡ ತೂತಿನ ಮೇನ್ ಜೆಟ್ ಪೆಟ್ರೋಲ್ ಸುರಿಯುತ್ತದೆ, ಇಂಜಿನ್ ಚಿಮ್ಮುತ್ತದೆ, ಗವರ್ನರ್ ಮತ್ತೆ ಮುಚ್ಚುತ್ತದೆ. ಮಣ್ಣಿಗಿಳಿಸಿದ ಕೂಡಲೇ ಸದ್ದು ಸರಿಹೋಗುವ ವೀಡರಿಗೆ ಬಹುಮಟ್ಟಿಗೆ ಇದೇ ಕಾಯಿಲೆ.

ಖಚಿತಪಡಿಸಿಕೊಳ್ಳಲು ಹಲ್ಲು ತಿರುಗದಂತೆ ಕ್ಲಚ್ ಬಿಡಿಸಿ, ಸೈಲೆನ್ಸರ್‌ನಿಂದ ಕೈ ದೂರವಿಟ್ಟು, ಥ್ರಾಟಲ್ ತೋಳನ್ನು ಬೆರಳಿನಿಂದ ಅಲುಗದಂತೆ ಹಿಡಿಯಿರಿ. ಏರಿಳಿತ ನಿಂತರೆ ಗವರ್ನರಿನ ಕೊಂಡಿಗಳ ಮೇಲೆ ಅನುಮಾನ. ಆದರೂ ಕುಂಟಿದರೆ ಪೆಟ್ರೋಲ್ ಕಡೆ. ಆಮೇಲೆ ಚೋಕ್ ಸ್ವಲ್ಪ ಎಳೆಯಿರಿ. ಆಗ ಸದ್ದು ಸಮನಾದರೆ ಜೆಟ್ ಕಟ್ಟಿದೆ, ಇಲ್ಲವೇ ಕಾರ್ಬೋರೇಟರ್ ಮತ್ತು ಇಂಜಿನ್ ನಡುವಿನ ಪ್ಯಾಕಿಂಗ್ ಸೀಳಿ ಗಾಳಿ ಎಳೆಯುತ್ತಿದೆ. ನನ್ನ ಮಟ್ಟಿಗೆ ಈ ಚೋಕ್ ಪರೀಕ್ಷೆಯಷ್ಟು ಸುಳಿವು ಕೊಡುವುದು ಬೇರೊಂದಿಲ್ಲ.

ಜೆಟ್ ತೊಳೆಯಲು ಪೆಟ್ರೋಲ್ ಕಾಕ್ ಮುಚ್ಚಿ, ಇಂಜಿನ್ ತಣ್ಣಗಾದ ಮೇಲೆ ಕಾರ್ಬೋರೇಟರ್ ತಳದ ಬೌಲ್ ಬಿಚ್ಚಿ. ತಳದಲ್ಲಿ ಜೋನಿಬೆಲ್ಲದಂಥ ಅಂಟು ಇದ್ದರೆ ರೋಗ ಸಿಕ್ಕಂತೆಯೇ. ಜೆಟ್‌ಗಳನ್ನು ಕಾರ್ಬೋರೇಟರ್ ಕ್ಲೀನರ್‌ನಲ್ಲಿ ನೆನೆಸಿ, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ, ಆಕಾಶಕ್ಕೆ ಹಿಡಿದು ನೋಡಿ. ತೂತಿನಲ್ಲಿ ದುಂಡನೆಯ ಬೆಳಕು ಕಾಣಬೇಕು. ಪಿನ್ನು, ಸೂಜಿ ತೂರಿಸಬೇಡಿ, ಹಿತ್ತಾಳೆ ಕೆರೆದು ತೂತು ದೊಡ್ಡದಾದರೆ ಇಂಜಿನ್ ಕಪ್ಪು ಹೊಗೆ ಕಾರುತ್ತದೆ. ವೈರಿನೊಳಗಿನ ಒಂದೇ ತಾಮ್ರದ ಎಳೆ ಸಾಕು.

ಕೊಂಡಿಗಳಲ್ಲಿ ಧೂಳು ಹಿಡಿದು ಬಿಗಿಯಾಗುವುದು ಸಾಮಾನ್ಯ. ಗವರ್ನರ್ ತೋಳನ್ನು ಥ್ರಾಟಲಿಗೆ ಜೋಡಿಸುವ ಉದ್ದ ಕಂಬಿಯ ಸುತ್ತ ಕೂದಲೆಳೆಯಂಥ ಇನ್ನೊಂದು ಸ್ಪ್ರಿಂಗ್ ಇರುತ್ತದೆ. ಕೊಂಡಿಯ ಸಡಿಲು ತೆಗೆಯುವುದು ಅದರ ಕೆಲಸ. ಅದು ಉದುರಿದ್ದರೂ ತೂಗಾಟ ತಪ್ಪಿದ್ದಲ್ಲ. ದೊಡ್ಡ ಸ್ಪ್ರಿಂಗ್ ಕಳಚಿದರೆ ಲಿವರ್ ಎಷ್ಟೇ ಎಳೆದರೂ ರೇಸ್ ಏರುವುದಿಲ್ಲ.

ಅಪಾಯ ಇರುವುದು ಇದಕ್ಕೆ ವಿರುದ್ಧವಾದಾಗ. ಗವರ್ನರ್ ತೋಳು ತನ್ನ ಶಾಫ್ಟ್ ಮೇಲೆ ಸಡಿಲಾದರೆ ತಡೆಯುವವರಿಲ್ಲದೆ ಇಂಜಿನ್ ಕಿರುಚುತ್ತದೆ. ನಿಮಿಷಕ್ಕೆ ಸುಮಾರು 3,600 ಸುತ್ತಿಗೆಂದು ಮಾಡಿದ ಅಲ್ಯೂಮಿನಿಯಂ ಕನೆಕ್ಟಿಂಗ್ ರಾಡ್ ಮುರಿದು ಕ್ರ್ಯಾಂಕ್‌ಕೇಸನ್ನೇ ಒಡೆದು ಹೊರಬರಬಹುದು. ತಕ್ಷಣ ಸ್ವಿಚ್ ಆಫ್ ಮಾಡಿ. ಸರಿಪಡಿಸುವುದು ಇಂಜಿನ್ ನಿಂತಿರುವಾಗಲೇ: ತೋಳಿನ ನಟ್ ಸಡಿಲಿಸಿ, ಥ್ರಾಟಲ್ ಪೂರ್ತಿ ತೆರೆಯುವ ಕಡೆಗೆ ತೋಳನ್ನು ತಳ್ಳಿ ಹಿಡಿಯಿರಿ. ಈಗ ಶಾಫ್ಟಿನ ತುದಿಯನ್ನು ಅದೇ ದಿಕ್ಕಿಗೆ ತಡೆಯುವವರೆಗೆ ತಿರುಗಿಸಿ, ಎರಡನ್ನೂ ಬಿಡದೆ ನಟ್ ಬಿಗಿಯಿರಿ. ಇಷ್ಟಾದರೂ ಕಿರುಚಿದರೆ ಒಳಗಿನ ಗೇರ್ ಮುರಿದಿದೆ, ಇಂಜಿನ್ ಬಿಚ್ಚಲೇಬೇಕು.

ಹತ್ತು ನಿಮಿಷ ಚೆನ್ನಾಗಿ ಓಡಿ ಸಾಯುವ ಇಂಜಿನ್ನಿನದು ಬೇರೆ ಕಥೆ. ಟ್ಯಾಂಕ್ ಮುಚ್ಚಳದ ಗಾಳಿತೂತು ಕಟ್ಟಿರಬಹುದು, ಮುಚ್ಚಳ ಸಡಿಲಿಸಿ ನೋಡಿ.

ಜೆಟ್ ಕಟ್ಟುವುದು ಕೆಲಸದ ದಿನಗಳಲ್ಲಲ್ಲ, ಮೂಲೆಯಲ್ಲಿದ್ದ ತಿಂಗಳುಗಳಲ್ಲಿ. ಪೆಟ್ರೋಲಿಗೆ ಬೆರೆಸುವ ಎಥನಾಲ್ ತೇವ ಹೀರುತ್ತದೆ, ಬೌಲ್‌ನಲ್ಲಿ ಉಳಿದ ಪೆಟ್ರೋಲ್ ಆವಿಯಾಗಿ ಅಂಟು ಉಳಿಯುತ್ತದೆ. ಆದ್ದರಿಂದ ಕೊನೆಯ ದಿನ ಟ್ಯಾಂಕ್ ಖಾಲಿ ಮಾಡಿ, ಕಾಕ್ ಮುಚ್ಚಿ, ಇಂಜಿನ್ ತಾನಾಗಿ ನಿಲ್ಲುವವರೆಗೆ ಓಡಲು ಬಿಡಿ. ಆಮೇಲೆ ಬೌಲ್ ಅಡಿಯ ಡ್ರೇನ್ ಬೋಲ್ಟ್ ತೆಗೆದು ಉಳಿದ ನಾಲ್ಕು ಹನಿಯನ್ನೂ ಇಳಿಸಿಬಿಡಿ.