ಇಂಗ್ಲಿಷ್ ಓಡುವಲ್ಲಿ ಕನ್ನಡ ನಡೆಯುತ್ತದೆ

ಅಮೆರಿಕದ ಚುನಾವಣೆಯ ಸುದ್ದಿಯನ್ನು ಕನ್ನಡಕ್ಕೆ ತರಲು ಕೂತಾಗಲೆಲ್ಲ ಒಂದು ಪುಟ್ಟ ಪದ ನನ್ನ ಕೈ ಹಿಡಿದು ನಿಲ್ಲಿಸುತ್ತದೆ. ಅಲ್ಲಿನ ಅಭ್ಯರ್ಥಿ ಅಧ್ಯಕ್ಷ ಪದವಿಗೆ ‘ರನ್’ ಮಾಡುತ್ತಾನೆ, ಅಂದರೆ ಓಡುತ್ತಾನೆ. ಅದೇ ಇಂಗ್ಲಿಷ್ ಆಡುವ ಬ್ರಿಟನ್ನಿನಲ್ಲಿ ಅಭ್ಯರ್ಥಿ ‘ಸ್ಟ್ಯಾಂಡ್’ ಮಾಡುತ್ತಾನೆ. ನಮ್ಮಲ್ಲೂ ಪಂಚಾಯಿತಿಗೆ ಜನ ನಿಲ್ಲುತ್ತಾರೆಯೇ ಹೊರತು ಓಡುವುದಿಲ್ಲ. ಮಾಡುವ ಕೆಲಸ ಒಂದೇ. ಒಬ್ಬರಿಗೆ ಅದು ಓಟದ ಪಂದ್ಯವಾಗಿ ಕಂಡಿದೆ, ಇನ್ನೊಬ್ಬರಿಗೆ ನಾಲ್ಕು ಜನರೆದುರು ಎದ್ದು ನಿಲ್ಲುವುದಾಗಿ.

ಇಂಗ್ಲಿಷಿನಲ್ಲಿ ಮೂರೇ ಅಕ್ಷರದ ಈ ‘ರನ್’ ನಿಘಂಟುಕಾರರ ಬೆವರಿಳಿಸಿದ ಪದ. ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ 1989ರ ಆವೃತ್ತಿಯಲ್ಲಿ ಅತಿ ಉದ್ದದ ನಮೂದು ‘ಸೆಟ್’ ಪದದ್ದು. ಅದನ್ನು ವಿವರಿಸಲಿಕ್ಕೇ ಸುಮಾರು 60,000 ಪದಗಳು ಬೇಕಾಗಿದ್ದವು. ಮೂರನೇ ಆವೃತ್ತಿಯ ಪರಿಷ್ಕರಣೆ ಶುರುವಾದ ಮೇಲೆ ‘ಮೇಕ್’, ಆಮೇಲೆ ‘ಪುಟ್’ ಅದನ್ನು ಹಿಂದೆ ಹಾಕಿದವು. 2011ರಲ್ಲಿ ‘ರನ್’ ಸರದಿ ಬಂತು. ಕ್ರಿಯಾಪದ ಒಂದಕ್ಕೇ 645 ಅರ್ಥಗಳು! ಇದನ್ನು ಬಿಡಿಸಿಡಲು ನಿಘಂಟುಕಾರ ಪೀಟರ್ ಗಿಲಿವರ್ ಒಂಬತ್ತು ತಿಂಗಳು ಕೂತಿದ್ದರು.

ಇಷ್ಟೊಂದು ಅರ್ಥಗಳು ಎಲ್ಲಿಂದ ಹುಟ್ಟಿದವು? ‘ರನ್’ನ ನೆಂಟನಾದ ಜರ್ಮನ್ ಪದ ‘ರಿನ್ನೆನ್’ ಇಂದಿಗೂ ನೀರು ಹರಿಯುವುದನ್ನೇ ಹೇಳುತ್ತದೆ. ಕಾಲಿನ ಓಟ, ನೀರಿನ ಹರಿವು ಎರಡೂ ಹಳೆಯ ಇಂಗ್ಲಿಷಿನಲ್ಲೇ ಈ ಪದದೊಳಗಿದ್ದವು. ಶೀತವಾದರೆ ಮೂಗು ‘ರನ್’ ಆಗುತ್ತದೆ, ಒಗೆದ ಬಟ್ಟೆಯ ಬಣ್ಣ ‘ರನ್’ ಆಗುತ್ತದೆ, ಯಂತ್ರ, ಅಂಗಡಿ, ಸರ್ಕಾರ ಎಲ್ಲವೂ ‘ರನ್’ ಆಗುತ್ತವೆ. ಹೊಳೆಯ ಪಕ್ಕದ ರಸ್ತೆಯೂ ‘ರನ್’ ಆಗುತ್ತದೆ. ರಸ್ತೆ ಇದ್ದಲ್ಲೇ ಇರುತ್ತದೆ, ಅದರುದ್ದಕ್ಕೂ ಸಾಗುವುದು ನೋಡುವವರ ಕಣ್ಣು. ಕಣ್ಣಿಗೆ ಕಾಣುವ ಚಲನೆಯಿಂದ ಕಾಣದ ಸಂಗತಿಗಳನ್ನು ಹಿಡಿಯುವ ಈ ಜಾಣ್ಮೆ ಕನ್ನಡಕ್ಕೂ ಚೆನ್ನಾಗಿ ಗೊತ್ತು. ಆದರೆ ನಾವು ಅಷ್ಟು ಅವಸರದವರಲ್ಲ. ಅಂಗಡಿ ನಡೆಸುತ್ತೇವೆ, ಸಂಸಾರ ನಡೆಸುತ್ತೇವೆ, ಮದುವೆ ನಡೆಯುತ್ತದೆ, ಗಡಿಯಾರವೂ ನಡೆಯುತ್ತದೆ. ಸಿನಿಮಾ ಮಾತ್ರ ನೂರು ದಿನ ಓಡುತ್ತದೆ.

ಹೆಚ್ಚು ಬಳಸಿದಷ್ಟೂ ಪದಕ್ಕೆ ಅರ್ಥಗಳು ಹೆಚ್ಚು. 1945ರಲ್ಲಿ ಅಮೆರಿಕದ ಭಾಷಾವಿಜ್ಞಾನಿ ಜಾರ್ಜ್ ಜಿಪ್ಫ್ ಇದಕ್ಕೊಂದು ಲೆಕ್ಕವನ್ನೇ ಕೊಟ್ಟರು. ಅರ್ಥಗಳ ಸಂಖ್ಯೆ ಬಳಕೆಯ ವರ್ಗಮೂಲಕ್ಕೆ ತಕ್ಕಂತೆ ಏರುತ್ತದೆ. ನೂರು ಪಟ್ಟು ಹೆಚ್ಚು ಬಳಕೆಯಾಗುವ ಪದಕ್ಕೆ ಸರಿಸುಮಾರು ಹತ್ತು ಪಟ್ಟು ಅರ್ಥಗಳಿರುತ್ತವೆ.

ಹಾಗಿದ್ದರೆ ಕೇಳುವವರಿಗೆ ಗೊಂದಲವಾಗುವುದಿಲ್ಲವೇ? 1979ರಲ್ಲಿ ಮನೋವಿಜ್ಞಾನಿ ಡೇವಿಡ್ ಸ್ವಿನ್ನಿ ಪ್ರಕಟಿಸಿದ ಪ್ರಯೋಗ ನನಗೆ ಬಹಳ ಇಷ್ಟ. ಒಬ್ಬನ ಕೋಣೆಯ ಮೂಲೆಯಲ್ಲಿ ಜೇಡ, ಜಿರಲೆ ಮತ್ತಿತರ ‘ಬಗ್’ಗಳು ಸಿಕ್ಕವು ಎಂಬ ವಾಕ್ಯವನ್ನು ಜನ ಕೇಳುತ್ತಿದ್ದರು. ಇಂಗ್ಲಿಷಿನ ‘ಬಗ್’ ಹುಳವೂ ಹೌದು, ಕದ್ದು ಕೇಳುವ ಸಾಧನವೂ ಹೌದು. ಆ ಪದ ಕಿವಿಗೆ ಬಿದ್ದ ಕ್ಷಣದಲ್ಲೇ ಪರದೆಯ ಮೇಲೆ ‘ಇರುವೆ’ ಎಂಬ ಪದ ಮೂಡಿದರೆ ಜನ ಬೇಗ ಗುರುತಿಸಿದರು. ಅಚ್ಚರಿಯೆಂದರೆ ‘ಗೂಢಚಾರ’ ಎಂಬ ಪದವನ್ನೂ ಅಷ್ಟೇ ಬೇಗ ಗುರುತಿಸಿದರು. ಜೇಡ, ಜಿರಲೆಯ ಮಾತು ಆಗಲೇ ಬಂದಿದ್ದರೂ ಮನಸ್ಸು ಎರಡೂ ಬಾಗಿಲು ತೆರೆದಿತ್ತು. ಇನ್ನು ಮೂರು ಉಚ್ಚಾರಾಂಶ ಕಳೆಯುವಷ್ಟರಲ್ಲಿ ಗೂಢಚಾರನ ಬಾಗಿಲು ಮುಚ್ಚಿತ್ತು. ಕೇಳುತ್ತಿದ್ದವರಿಗೆ ಇದಾವುದೂ ತಿಳಿಯಲೇ ಇಲ್ಲ.

ಒಂದೇ ಪದಕ್ಕೆ ಹಲವು ಅರ್ಥಗಳಿರುವುದೇ ಬಹ್ವರ್ಥ. ಎಲ್ಲ ಬಹ್ವರ್ಥವೂ ಒಂದೇ ಜಾತಿಯದಲ್ಲ. ‘ಹತ್ತು’ ಎಂದರೆ ಸಂಖ್ಯೆ, ಬಸ್ ಹತ್ತುವುದೂ ‘ಹತ್ತು’. ಇವೆರಡಕ್ಕೆ ಸಂಬಂಧವಿಲ್ಲ, ಉಚ್ಚಾರ ಮಾತ್ರ ಒಂದೇ. ‘ನಡೆ’ಯ ಅರ್ಥಗಳೋ ಒಂದೇ ಮನೆಯ ಮಕ್ಕಳು. 2002ರಲ್ಲಿ ಮನೋವಿಜ್ಞಾನಿ ಜೆನಿಫರ್ ರಾಡ್ ಮತ್ತು ಸಂಗಡಿಗರು ಇಂಗ್ಲಿಷ್ ಪದಗಳ ಮೇಲೆ ಈ ವ್ಯತ್ಯಾಸವನ್ನು ಅಳೆದರು. ಸಂಬಂಧವಿಲ್ಲದ ಅರ್ಥಗಳಿದ್ದರೆ ಪದವನ್ನು ಗುರುತಿಸುವುದು ತಡವಾಗುತ್ತದೆ. ಒಂದಕ್ಕೊಂದು ಹೆಣೆದುಕೊಂಡ ಅರ್ಥಗಳು ಹೆಚ್ಚಿದ್ದರೆ ಗುರುತು ಇನ್ನೂ ಬೇಗ ಸಿಗುತ್ತದೆ. ಬಹ್ವರ್ಥವನ್ನು ಭಾಷೆಯ ದೋಷವೆಂದು ದೂರುವವರನ್ನು ಕಂಡಾಗ ಈ ಫಲಿತಾಂಶವನ್ನು ಹೇಳಬೇಕೆನಿಸುತ್ತದೆ. ಪ್ರತಿ ಅರ್ಥಕ್ಕೂ ಒಂದು ಹೊಸ ಪದವಿದ್ದಿದ್ದರೆ ಮಕ್ಕಳು ಮಾತು ಕಲಿಯುವುದು ಎಷ್ಟು ಕಷ್ಟವಾಗುತ್ತಿತ್ತು!

ಕನ್ನಡ ‘ರನ್’ ಪದವನ್ನು ಕಡ ತಂದಾಗ 645 ಅರ್ಥಗಳನ್ನೂ ಹೊತ್ತು ತರಲಿಲ್ಲ. ಕಂಪ್ಯೂಟರಿನ ಮುಂದೆ ಪ್ರೋಗ್ರಾಂ ರನ್ ಮಾಡುತ್ತೇವೆ, ಕ್ರಿಕೆಟ್ಟಿನಲ್ಲಿ ರನ್ ಹೊಡೆಯುತ್ತೇವೆ, ಹೆಚ್ಚುಕಮ್ಮಿ ಅಷ್ಟೇ. ಕಡ ತಂದ ಪದ ತನ್ನ ಬಳಗವನ್ನೆಲ್ಲ ಊರಲ್ಲೇ ಬಿಟ್ಟು ಬರುತ್ತದೆ. ಸಂಜೆ ಮೈದಾನದಲ್ಲಿ ಹುಡುಗನೊಬ್ಬ ಚೆಂಡನ್ನು ಎತ್ತಿ ಹೊಡೆಯುತ್ತಾನೆ. ಚೆಂಡು ಗಡಿ ದಾಟಿ ಆಚೆ ಬೀಳುತ್ತದೆ. ಬ್ಯಾಟು ಹಿಡಿದ ಇಬ್ಬರೂ ನಿಂತಲ್ಲಿಂದ ಕದಲುವುದಿಲ್ಲ. ಸ್ಕೋರ್ ಬರೆಯುವ ಹುಡುಗಿ ಆರು ರನ್ ಎಂದು ಬರೆದುಕೊಳ್ಳುತ್ತಾಳೆ.