ಒತ್ತಿದರೆ ಎಳೆ ಏಳುವುದಿಲ್ಲ, ಮಾರಾಯರೆ

"ಇನ್ನೂ ಸ್ವಲ್ಪ ಒತ್ತಿ ಕೊಡಿ." ಮಾಚೇನಹಳ್ಳಿಯಲ್ಲಿ ಹಲಗೆಗೆ ತಂತಿ ಬ್ರಷ್ ಹೊಡೆದು ಎಳೆ ಎಬ್ಬಿಸುವ ನನ್ನ ಶೆಡ್ಡಿಗೆ ಬರುವವರಲ್ಲಿ ಹತ್ತಕ್ಕೆ ಎಂಟು ಜನ ಈ ಮಾತು ಆಡಿಯೇ ಆಡುತ್ತಾರೆ. ಒಂದು ಕೈಯಲ್ಲಿ ಮೊಬೈಲ್, ಅದರಲ್ಲಿ ಯಾವುದೋ ರೆಸಾರ್ಟಿನ ಗೋಡೆಯ ಚಿತ್ರ. ಮರದ ಎಳೆಗಳು ಉಬ್ಬಿ ನಿಂತು, ನಡುವೆ ಬೆರಳು ಇಡುವಷ್ಟು ತಗ್ಗು. ಆ ಚಿತ್ರದಲ್ಲಿರುವುದು ಪೈನ್. ಹೊರಗೆ ಪಿಕಪ್ಪಿನಲ್ಲಿ ಬಂದಿರುವುದು ಹಲಸು.

ತಂತಿ ಬ್ರಷ್ಷಿನ ಯಂತ್ರ ಮರವನ್ನು ಕೆತ್ತುವುದಿಲ್ಲ. ಉಂಗುರದಲ್ಲಿ ಮೆತ್ತಗಿರುವ ಭಾಗವನ್ನು ಕೆರೆದು ತೆಗೆದು, ಗಟ್ಟಿ ಭಾಗವನ್ನು ಹಾಗೆಯೇ ಬಿಡುತ್ತದೆ, ಅಷ್ಟೇ. ಹಳ್ಳಿಯ ಉಣುಗೋಲಿನ ಕಂಬವನ್ನು ಒಮ್ಮೆ ಸವರಿ ನೋಡಿ. ಎಷ್ಟೋ ಮಳೆಗಾಲ ನೆನೆದು, ಬೇಸಿಗೆಯಲ್ಲಿ ಒಣಗಿ, ಮೆತ್ತಗಿದ್ದದ್ದೆಲ್ಲ ಹೋಗಿ ಗಟ್ಟಿ ಗೆರೆಗಳು ಅಂಗೈಗೆ ಸಿಗುತ್ತವೆ. ಮಳೆ ಮಾಡಿದ ಕೆಲಸವನ್ನೇ ನಾವು ಕೆಲವು ನಿಮಿಷದಲ್ಲಿ ಮಾಡುತ್ತೇವೆ. ಪೈನಿನಲ್ಲಿ ಮೆತ್ತಗೆ–ಗಟ್ಟಿಯ ಅಂತರ ಬಹಳ, ಅದಕ್ಕೇ ಆ ಉಬ್ಬು. ತೇಗದಲ್ಲಿ ಉಂಗುರದ ಆರಂಭದ ದೊಡ್ಡ ರಂಧ್ರಗಳು ತೆರೆದುಕೊಂಡು ಹದವಾದ ಗೆರೆ ಬರುತ್ತದೆ. ಹಲಸು, ಬೀಟೆಗಳಲ್ಲಿ ಉಂಗುರದ ಆ ಬದಿಗೂ ಈ ಬದಿಗೂ ಅಂಥ ವ್ಯತ್ಯಾಸವೇ ಇಲ್ಲ. ಇಲ್ಲದ್ದನ್ನು ಬ್ರಷ್ ಎಲ್ಲಿಂದ ತರಬೇಕು?

ಆಗ ಬರುತ್ತದೆ, "ಒತ್ತಿ ಕೊಡಿ."

ಅಂಗಳ ಗುಡಿಸುವಾಗ ಕಡ್ಡಿ ಪೊರಕೆಯನ್ನು ನೆಲಕ್ಕೆ ಅದುಮಿ ನೋಡಿ. ಕಡ್ಡಿಗಳು ಮಡಚಿಕೊಂಡು ತರಗೆಲೆಯ ಮೇಲೆ ಜಾರಿ ಹೋಗುತ್ತವೆ, ಎಲೆ ಅಲ್ಲೇ ಇರುತ್ತದೆ. ತಂತಿಯೂ ಹಾಗೆಯೇ. ಕೆರೆಯುವುದು ಅದರ ತುದಿ ಮಾತ್ರ. ಅದುಮಿದರೆ ತಂತಿ ಬಾಗುತ್ತದೆ, ತುದಿ ಹಿಂದಕ್ಕೆ ಸರಿಯುತ್ತದೆ, ಮೈ ಮರಕ್ಕೆ ಉಜ್ಜುತ್ತದೆ. ಆಳ ಬರುವುದಿಲ್ಲ, ಬಿಸಿ ಬರುತ್ತದೆ, ಹೊಳಪು ಬರುತ್ತದೆ, ಕೆಲವೊಮ್ಮೆ ಸುಟ್ಟ ಗೆರೆ ಬರುತ್ತದೆ. ತಂತಿ ಬುಡದಲ್ಲಿ ಮುರಿದು ಹಾರುವುದೂ ಉಂಟು, ಕನ್ನಡಕ ಹಾಕದೆ ಆ ಕಡೆ ಬರಬೇಡಿ. ಇಷ್ಟನ್ನು ನಾನು ಎಷ್ಟು ಸಲ ಹೇಳಿದ್ದೇನೋ! ತಲೆಯಾಡಿಸಿ ಕೇಳಿ, ಚಹಾ ಕುಡಿದು, ಹೊರಡುವಾಗ ನನ್ನ ಹುಡುಗನ ಕಿವಿಯಲ್ಲಿ ಮತ್ತೆ ಅದನ್ನೇ ಹೇಳಿ ಹೋಗುತ್ತಾರೆ.

ಹೋದ ವರ್ಷ ತೀರ್ಥಹಳ್ಳಿ ಕಡೆಯ ಹೋಮ್‌ಸ್ಟೇ ಮಾಲೀಕರೊಬ್ಬರು ಹಾಗೆಯೇ ಮಾಡಿದರು. ನಾನು ಮದುವೆಗೆ ಹೋಗಿದ್ದೆ. ಅವರು ಪಕ್ಕದಲ್ಲಿ ನಿಂತು ಹೇಳಿದ್ದಕ್ಕೆ ಹುಡುಗ ಬ್ರಷ್ಷಿನ ರೋಲರನ್ನು ನಾಲ್ಕು ಮಿಲಿಮೀಟರ್ ಇಳಿಸಿಬಿಟ್ಟ. ಸಂಜೆ ಬಂದು ನೋಡಿದರೆ ಆರು ಹಲಸಿನ ಹಲಗೆಗಳ ಮೈ ಕನ್ನಡಿಯಂತೆ, ಅಲ್ಲಲ್ಲಿ ಕಂದು ಬರೆ. ತಪ್ಪು ನನ್ನದೂ ಹೌದು, ರೋಲರನ್ನು ಏರಿಸಿ ಇಳಿಸುವ ಚಕ್ರಕ್ಕೆ ಬೀಗ ಹಾಕಿರಲಿಲ್ಲ. ಈಗ ಹಾಕಿದ್ದೇನೆ.

ಎಲ್ಲ ಹಲಗೆಯೂ ಒಂದೇ ಥರ ಬರಬೇಕಾದರೆ ನೋಡಬೇಕಾದದ್ದು ವೇಗ. 200 ಮಿಲಿಮೀಟರ್ ವ್ಯಾಸದ ಬ್ರಷ್ ನಿಮಿಷಕ್ಕೆ 1200 ಸುತ್ತು ತಿರುಗಿದರೆ ತಂತಿಯ ತುದಿ ಸೆಕೆಂಡಿಗೆ ಸುಮಾರು 12.5 ಮೀಟರ್ ಓಡುತ್ತದೆ. ಸವೆದು 160ಕ್ಕೆ ಬಂದರೆ ಅದೇ ಸುತ್ತಿನಲ್ಲಿ ಸುಮಾರು 10 ಮೀಟರ್ ಮಾತ್ರ. ಮೊದಲ ದಿನದ ಹಲಗೆಗೂ ಕೊನೆಯ ದಿನದ ಹಲಗೆಗೂ ಹೊಂದದಿರುವುದು ಇದಕ್ಕೇ. ಬ್ರಷ್ ಆ ವೇಗಕ್ಕೆ ತಯಾರಾದದ್ದಾಗಿದ್ದರೆ ಸುತ್ತನ್ನು 1500ಕ್ಕೆ ಏರಿಸಿ. ಅದರ ಮೇಲೆ ಬರೆದ ಮಿತಿಯನ್ನು ಮಾತ್ರ ಮೀರಬೇಡಿ. ಒತ್ತಡಕ್ಕೆ ನಾನು ನಂಬುವುದು ಮೋಟರ್ ಎಷ್ಟು ಕರೆಂಟ್ ಎಳೆಯುತ್ತಿದೆ ಎಂದು ತೋರಿಸುವ ಆಂಪಿಯರ್ ಮುಳ್ಳನ್ನು. ಖಾಲಿ ತಿರುಗುವಾಗ ಎಷ್ಟು, ಮಾದರಿ ತುಂಡು ಒಪ್ಪಿಗೆಯಾದಾಗ ಎಷ್ಟು ಎಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಡುತ್ತೇನೆ. ಹಲಗೆಗಳ ದಪ್ಪ ಒಂದೇ ಇರಬೇಕು ಎಂದು ಬೇರೆ ಹೇಳಬೇಕಿಲ್ಲ. ಆಗಾಗ ಬ್ರಷ್ಷಿನ ದಿಕ್ಕು ತಿರುಗಿಸಿದರೆ ತುದಿಗಳು ತಾವೇ ಮೊನೆಯಾಗುತ್ತವೆ. ಆಳ ಸಾಲದಿದ್ದರೆ ಅದೇ ಒತ್ತಡದಲ್ಲಿ ಎರಡನೆಯ ಸಲ ಬಿಡಿ, ಅಥವಾ ಹಲಗೆ ಸಾಗುವ ವೇಗ ತಗ್ಗಿಸಿ. ತಂತಿಯ ನಂತರ ಉಜ್ಜುವ ಪುಡಿ ಬೆರೆತ ನೈಲಾನ್ ಬ್ರಷ್, ಕೊನೆಗೆ ಕತ್ತಾಳೆ ನಾರು. ಎದ್ದ ಜುಂಗು ಹೋಗುವುದು ಇವುಗಳಿಂದ.

ಸಾಧಾರಣ ಉಕ್ಕಿನ ತಂತಿಯ ಬಗ್ಗೆ ಮಲೆನಾಡಿನವರಿಗೆ ಒಂದು ಮಾತು. ಅಡಿಕೆ ಸುಲಿಯುವವರ ಬೆರಳು ಕಪ್ಪಾಗುವುದು ನಿಮಗೆ ಗೊತ್ತು, ಒಗರಿನ ಕೆಲಸ ಅದು. ಒಗರು ಕಬ್ಬಿಣಕ್ಕೆ ತಾಗಿದರೂ ಕಪ್ಪಾಗುತ್ತದೆ. ಹೊನ್ನೆಯಂತಹ ಒಗರಿನ ಮರದಲ್ಲಿ ಉಕ್ಕಿನ ಪುಡಿ ಸಿಕ್ಕಿಕೊಂಡರೆ, ಜುಲೈ ತೇವಕ್ಕೆ ಹಲಗೆಯ ತುಂಬ ಕಪ್ಪು ಚುಕ್ಕೆ ಏಳುತ್ತದೆ. ಅಂಥ ಮರಕ್ಕೆ ಸ್ಟೇನ್‌ಲೆಸ್ ತಂತಿ, ಇಲ್ಲವೇ ನೇರವಾಗಿ ನೈಲಾನ್. ಪುಡಿಯನ್ನು ಗಾಳಿ ಹೊಡೆದು ತೆಗೆಯದೆ ಎಣ್ಣೆ ಹಚ್ಚಬೇಡಿ.

ಮಳೆಗಾಲದ ಹಸಿ ನಾಟಾವನ್ನು ಮಾತ್ರ ದಯವಿಟ್ಟು ತರಬೇಡಿ. ನಾನಂತೂ ತೇವಾಂಶ ಶೇಕಡಾ 12ರ ಆಸುಪಾಸಿಗೆ ಇಳಿಯದೆ ಯಂತ್ರಕ್ಕೆ ಕೊಡುವುದಿಲ್ಲ; ಹಸಿ ಮರ ನಾರು ನಾರಾಗಿ ಎದ್ದು ಕಂಬಳಿಯಂತೆ ಕಾಣುತ್ತದೆ. ಬರುವಾಗ ಅದೇ ರಾಶಿಯಿಂದ ಮೊಳದುದ್ದದ ಎರಡು ತುಂಡು ತನ್ನಿ. ಒಂದನ್ನು ಬ್ರಷ್ಷಿಗೆ ಕೊಟ್ಟು, ಇನ್ನೊಂದನ್ನು ಪಕ್ಕದಲ್ಲಿಟ್ಟು ತೋರಿಸುತ್ತೇನೆ. ತೀರ್ಥಹಳ್ಳಿಯವರಿಗೂ ಹಾಗೆಯೇ ತೋರಿಸಿದೆ. ಬಹಳ ಹೊತ್ತು ಎರಡನ್ನೂ ಸವರುತ್ತಾ ಕುಳಿತರು. ಉಳಿದ ಹಲಗೆಗಳನ್ನು ನುಣ್ಣಗೆ ರಂದಾ ಹೊಡೆಸಿ, ಎಣ್ಣೆ ಹಚ್ಚಿಸಿಕೊಂಡು ಹೋದರು. ಹಲಸಿನ ಆ ಅರಿಶಿನ ಬಣ್ಣಕ್ಕೆ ಅದೇ ಚೆಂದ. ಹೊರಡುವಾಗ ಆ ಬ್ರಷ್ ಮಾಡಿದ ತುಂಡನ್ನೂ ಕಾರಿನಲ್ಲಿ ಹಾಕಿಕೊಂಡರು, ಯಾಕೋ ಗೊತ್ತಿಲ್ಲ.